ಬೇಳೆ ಅಂಟದ ಜಾಗ

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಹಾಗಂತ ಮನೆಯವರು ಹೇಳಿದರು. ಯಾರೂ ಇಲ್ಲದ ಅಡುಗೆಮನೆಯಲ್ಲಿ ಕುಕ್ಕರ್ ತಾನೇ ನಡೆದು ಹೋಗಿ ಒಲೆ ಏರಿತ್ತು. ಕಡಲೆಬೇಳೆ ತನ್ನನ್ನು ತಾನೇ ತೊಳೆದುಕೊಂಡು ಒಳಗೆ ಇಳಿದು ಕೂತಿತ್ತು. ಮುಚ್ಚಳ ಹಾರಿತು, ಬೇಳೆ ಸಿಡಿಯಿತು, ಯಾರೂ ಅಲ್ಲದ ಒಬ್ಬಳ ಕತ್ತು, ಎದೆ, ಬಲಗೈ ಬೆಂದುಹೋದವು. ಜಯನಗರ ಎರಡನೇ ಬ್ಲಾಕಿನಲ್ಲಿ ಇಂಥ ಪವಾಡಗಳು ನಡೆಯುತ್ತವೆ. ದೇವರ ಫೋಟೋಗಳೇ ಗೋಡೆ ತುಂಬ ಇರುವ ಮನೆಯಲ್ಲಿ ಪವಾಡಕ್ಕೇನು ಬರ?

ಆ ಯಾರೂ ಅಲ್ಲದವಳ ಹೆಸರು ಭಾಗ್ಯಜ್ಯೋತಿ. ಅವಳು ಹುಟ್ಟಿದ ವರ್ಷ ಕನಕಪುರದ ಕಡೆಯ ಅವರ ಕೇರಿಗೆ ಸರ್ಕಾರದ ಒಂಟಿ ಬಲ್ಬು ಬಂದಿತ್ತು. ಬಲ್ಬಿನ ಯೋಜನೆಯ ಹೆಸರನ್ನೇ ಅಪ್ಪ ಮಗಳಿಗೂ ಇಟ್ಟ. ಬಲ್ಬು ಮೂರು ತಿಂಗಳಿಗೆ ಸುಟ್ಟುಹೋಯಿತು. ಮಗಳು ಉಳಿದಳು. ಉಳಿದವಳನ್ನು ಅಜ್ಜಿ ಕತೆ ಹೇಳಿ ಸಾಕಿದಳು, ಯಾಕೆಂದರೆ ಆ ಮನೆಯಲ್ಲಿ ಕತೆಗೆ ಮಾತ್ರ ಬಡತನ ಇರಲಿಲ್ಲ.

ಅಜ್ಜಿಯ ಕತೆಗಳಲ್ಲಿ ಜ್ಯೋತಿಗೆ ಬಹಳ ಹಿಡಿಸಿದ್ದು ಕಾಣದ ಕಾಡಿಗೆಯ ಕತೆ. ಒಬ್ಬ ರಾಜನಿಗೆ ಕೇರಿಯ ಹೆಂಗಸೊಬ್ಬಳ ಕೈ ಅಡುಗೆಯೇ ಬೇಕು. ಆದರೆ ಅವಳ ಮುಖ ಬೇಡ. ಮಂತ್ರಿ ಕಾಡು ಮೇಡು ಅಲೆದು ಒಂದು ಕಾಡಿಗೆ ಅರೆಸಿ ತಂದ. ಅದನ್ನು ಕಣ್ಣಿಗೆ ತೀಡಿಕೊಂಡರೆ ಹೆಂಗಸು ಯಾರಿಗೂ ಕಾಣಳು. ಸೌಟು ಆಡುವುದು ಕಾಣುತ್ತದೆ, ಹಿಡಿದ ಕೈ ಕಾಣುವುದಿಲ್ಲ. ರಾಜ ಉಂಡ, ತೇಗಿದ, ದೇವರೇ ಅಡುಗೆ ಮಾಡಿದ ಅಂದ. ಒಂದು ದಿನ ಕಾದ ಎಣ್ಣೆ ಹಾರಿ ಹೆಂಗಸಿನ ಕೈ ಸುಟ್ಟಿತು. ಕೂಗಿಕೊಂಡಳು. ಅರಮನೆಗೆ ಅರಮನೆಯೇ ಎದ್ದು ನಿಂತು ಕೇಳಿತು, ಯಾರು ಕೂಗಿದ್ದು?

“ಆಮೇಲೆ?” ಅಂತ ಜ್ಯೋತಿ ಕೇಳುವ ಹೊತ್ತಿಗೆ ಅಜ್ಜಿ ಗೊರಕೆ ಹೊಡೆಯುತ್ತಿದ್ದಳು. ಮರುದಿನ ಕೇಳಿದರೆ, “ನಂಗೊತ್ತಿಲ್ಲ ಕಣೆ. ನೀನೇ ಹೇಳು” ಅನ್ನುತ್ತಿದ್ದಳು.

ಆ ಕತೆಯ ಒಳಗೇ ತಾನು ಹೋಗಿ ಬೀಳುತ್ತೇನೆಂದು ಜ್ಯೋತಿಗೆ ಗೊತ್ತಿರಲಿಲ್ಲ.

ಎರಡನೇ ಬ್ಲಾಕಿನ ಸೀತಾಲಕ್ಷ್ಮಿ ಅಮ್ಮನವರು ಮಡಿ ಅಡುಗೆಗೆ ಹೆಸರಾದವರು. ಸುತ್ತಮುತ್ತಲ ಮನೆಗಳ ತಿಥಿ, ವ್ರತ, ಸತ್ಯನಾರಾಯಣ ಪೂಜೆಗೆ ಅವರ ಮನೆಯಿಂದಲೇ ಊಟ ಹೋಗಬೇಕು. ಹೋಟೆಲಿನವರು ಕೊಟ್ಟರೆ ಪಿತೃಗಳು ಮುಟ್ಟುವುದಿಲ್ಲವಂತೆ. ಅವರ ಯಜಮಾನರು ವೆಂಕಟಾಚಲ, ಬ್ಯಾಂಕಿನಿಂದ ನಿವೃತ್ತರಾದವರು. ಗೇಟಿನ ಹತ್ತಿರ ಕೂತು ಪೇಪರ್ ಓದುತ್ತ, ಬಂದವರಿಗೆಲ್ಲ ಹೇಳುತ್ತಿದ್ದರು, “ನಮ್ಮ ಅಡುಗೆಮನೆಗೆ ಹೊರಗಿನೋರು ಕಾಲಿಟ್ಟಿಲ್ಲ. ಮೂರು ತಲೆಮಾರಾಯ್ತು.”

ಸುಳ್ಳಲ್ಲ. ಕಾಲಿಟ್ಟವಳನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೆ.

ಸೀತಾಲಕ್ಷ್ಮಮ್ಮನ ಮಂಡಿ ಸವೆದು ವರ್ಷಗಳಾಗಿದ್ದವು. ಹತ್ತು ನಿಮಿಷ ನಿಂತರೆ ಗೋಡೆ ಹಿಡಿಯಬೇಕು. ಮೊದಲು ಜ್ಯೋತಿ ಬರುತ್ತಿದ್ದುದು ಹಿತ್ತಲಲ್ಲಿ ಪಾತ್ರೆ ತಿಕ್ಕುವುದಕ್ಕೆ. ಒಂದು ದಿನ ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಹೇಳಿದರು, “ಜ್ಯೋತಿ, ಬಚ್ಚಲಲ್ಲಿ ಸ್ನಾನ ಮಾಡ್ಕೊ. ಗಳದ ಮೇಲಿರೋ ಮಡಿಸೀರೆ ಕೊಡ್ತೀನಿ, ಅದನ್ನ ಉಟ್ಕೊ. ಆಮೇಲೆ ನೀನು ನೀನಲ್ಲ. ನನ್ನ ಕೈ ಅಂದ್ಕೊ.”

ಸೂರಿಗೆ ತೂಗುಹಾಕಿದ ಬಿದಿರ ಗಳದಿಂದ ಕೋಲಿನಲ್ಲಿ ಎತ್ತಿ ಇಳಿಸಿದ ಸೀರೆ. ಕೆಂಪು ಅಂಚು, ಮಾಸಲು ಬಿಳಿ. ಅಮ್ಮ ಅದನ್ನು ಕೋಲಿನ ತುದಿಯಲ್ಲೇ ಹಿಡಿದು ಚಾಚಿದರು. ಜ್ಯೋತಿ ತೆಗೆದುಕೊಂಡು ಉಟ್ಟಳು. ಸೀರೆ ಮಡಿ. ಸೀರೆಯ ಒಳಗೆ ಇದ್ದವಳು ಏನೂ ಅಲ್ಲ. ಮಂತ್ರಿ ಕಾಡಿಗೆಗಾಗಿ ಕಾಡು ಅಲೆಯಬೇಕಿರಲಿಲ್ಲ, ಜಯನಗರಕ್ಕೆ ಬಂದಿದ್ದರೆ ಸಾಕಿತ್ತು.

ಅವತ್ತಿನಿಂದ ಬೆಳಗಿನ ಜಾವ ಜ್ಯೋತಿ ಸಿದ್ದಾಪುರದ ತನ್ನ ಕೋಣೆಯಿಂದ ಹೊರಟು, ಅಶೋಕ ಪಿಲ್ಲರ್ ದಾಟಿ ಬಂದು, ಹಿತ್ತಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಇಳಿಯುತ್ತಿದ್ದಳು. ಬೇಳೆ ಬೇಯಿಸಿದಳು, ಹುಳಿ ಕುದಿಸಿದಳು, ಹಯಗ್ರೀವ ಮಗುಚಿದಳು. ಬೆಲ್ಲ ಕರಗಿ ಬೇಳೆಗೆ ಹತ್ತುವವರೆಗೂ ಸೌಟು ಬಿಡುವ ಹಾಗಿಲ್ಲ. ಭುಜ ಕಳಚಿ ಬರುತ್ತದೆ. ಉಪ್ಪು ನೋಡುವ ಹಾಗಿಲ್ಲ, ನೈವೇದ್ಯಕ್ಕೆ ಮುಂಚೆ ಎಂಜಲಾಗುತ್ತದೆ. ತಾನು ಮಾಡಿದ್ದರ ರುಚಿ ಅವಳಿಗೆ ಗೊತ್ತಾಗುತ್ತಿದ್ದುದು ತಿಕ್ಕಲು ಬಂದ ಪಾತ್ರೆಯ ತಳದಿಂದ. ಬಾಗಿಲ ಬೆಲ್ಲು ಆದರೆ ಸೌಟು ಇಟ್ಟು ಹಿತ್ತಲಿಗೆ ಓಡಬೇಕು. ಅಮ್ಮ ಬಂದು ಅದೇ ಸೌಟು ಹಿಡಿದು, ಹಣೆಯ ಮೇಲೆ ಇಲ್ಲದ ಬೆವರನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ಹೊರಗೆ ಹೋಗುತ್ತಿದ್ದರು.

“ನಿಮ್ಮ ಕೈಯಲ್ಲಿ ಅದೇನಿದೆ ರೀ,” ಅನ್ನುತ್ತಿದ್ದರು ಎದುರು ಮನೆಯ ಕಮಲಾದೇವಿ.

“ಎಲ್ಲ ದೇವರು ಮಾಡಿಸ್ಕೊಳ್ಳೋದು,” ಅನ್ನುತ್ತಿದ್ದರು ಅಮ್ಮ.

ದೇವರು ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತು ಬೀಡಾ ಅಗಿಯುತ್ತಿದ್ದಳು.

ಹಬ್ಬದ ಆಫರಿನಲ್ಲಿ ಅಮ್ಮ ಹೊಸ ಕುಕ್ಕರ್ ತರಿಸಿದರು. ದೊಡ್ಡದು. ಜಾಹೀರಾತಿನಲ್ಲಿ ನಗುವ ಹೆಂಗಸು ಅದನ್ನು ಅಪ್ಪಿಕೊಂಡು ನಿಂತಿದ್ದಳು. ಮೊದಲ ವಾರದಿಂದಲೇ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. “ಅಮ್ಮ, ಇದು ಅಲ್ಲಾಡುತ್ತೆ, ವಾಪಸ್ ಕೊಡಿ,” ಅಂದಳು ಜ್ಯೋತಿ. “ಹೊಸದು ಹಂಗೇ ಇರುತ್ತೆ. ಒತ್ತಿ ತಿರುಗಿಸು,” ಅಂದರು ಅಮ್ಮ. ಜ್ಯೋತಿ ಒತ್ತಿ ತಿರುಗಿಸಿದಳು. ಯಾರದೋ ಮನೆಯ ತಿಥಿಯ ದಿನ, ವಿಶಲ್ ಕೂಗುವ ಬದಲು ಕುಕ್ಕರ್ ಒಮ್ಮೆ ನಡುಗಿತು. ಜ್ಯೋತಿ ಮುಖ ಆಚೆ ತಿರುಗಿಸಿ, ಒಲೆ ಆರಿಸಲು ಬಲಗೈ ಚಾಚಿದಳು.

ಮುಚ್ಚಳ ಸೂರಿಗೆ ಬಡಿಯಿತು.

ಬೆಂದ ಬೇಳೆ ನೀರಿನ ಹಾಗೆ ಇಳಿದು ಹೋಗುವುದಿಲ್ಲ. ಅಂಟಿಕೊಳ್ಳುತ್ತದೆ. ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಕೈಯಿಂದ ಬಳಿದು ತೆಗೆದರೆ ಬೇಳೆಯ ಜೊತೆ ಚರ್ಮವೂ ಬರುತ್ತದೆ. ಜ್ಯೋತಿ ಕೂಗಿದಳು. ಬೀದಿ ಬೀದಿಗೆ ಕೇಳುವ ಹಾಗೆ ಕೂಗಿದಳು. ಎದುರು ಮನೆಯಿಂದ ಕಮಲಾದೇವಿ ಗೇಟಿಗೆ ಬಂದು, “ಯಾರು ರೀ ಕೂಗಿದ್ದು?” ಅಂದರು.

ವೆಂಕಟಾಚಲ ಗೇಟಿನಲ್ಲೇ ನಿಂತು ಹೇಳಿದರು, “ಏನಿಲ್ಲ, ಕುಕ್ಕರ್.”

ಪಕ್ಕದ ಮನೆಯಲ್ಲಿ ನೆಲ ಒರೆಸುತ್ತಿದ್ದ ಇಂದ್ರಾಣಿ ಮಾತ್ರ ಕಾಂಪೌಂಡು ಹಾರಿ ಬಂದಳು. ಸಿದ್ದಾಪುರದಲ್ಲಿ ಜ್ಯೋತಿಯ ಗೋಡೆಗೆ ಗೋಡೆ ಹತ್ತಿದ ಮನೆ ಅವಳದು. ಅವಳೇ ಆಟೋ ತಂದಳು, ಅವಳೇ ಎತ್ತಿ ಕೂರಿಸಿದಳು. ಅಮ್ಮ ಆಟೋದವರೆಗೂ ಬಂದರು. ಬಂದು ಹೇಳಿದ್ದು ಒಂದೇ ಮಾತು. “ಆಟೋನ ಹಿಂದಿನ ಬೀದಿಯಿಂದ ತಗೊಂಡು ಹೋಗೆ, ಮುಂದೆ ಊಟ ತಗೊಳ್ಳೋಕೆ ಜನ ಬರ್ತಾರೆ.”

ದೊಡ್ಡಾಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ನರ್ಸು ಕತ್ತರಿಯಿಂದ ಸೀರೆ ಕತ್ತರಿಸಿ ಬಿಡಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಮಂಚದ ಕೆಳಗೆ ಇಟ್ಟಳು. ಮೂರನೆಯ ದಿನ ಅಮ್ಮ ಬಂದರು. ವಾರ್ಡಿನ ಬಾಗಿಲಲ್ಲೇ ನಿಂತು, ಮೂಗಿಗೆ ಕರ್ಚೀಫು ಹಿಡಿದು ಅತ್ತರು. ಅತ್ತಿದ್ದು ನಿಜ. ಜ್ಯೋತಿ ಇಂದ್ರಾಣಿಗೆ ಕಣ್ಣಲ್ಲೇ ತೋರಿಸಿದಳು. ಇಂದ್ರಾಣಿ ಕವರು ಎತ್ತಿ ಹಿಡಿದಳು.

“ನಿಮ್ಮ ಸೀರೆ ಅಮ್ಮ.”

ಅಮ್ಮ ಎರಡು ಹೆಜ್ಜೆ ಹಿಂದೆ ಸರಿದರು. “ಅಯ್ಯೋ, ಆಸ್ಪತ್ರೆ ಮುಟ್ಟಿದ್ದು ಮನೆಗೆ ಬೇಡಮ್ಮ, ಮೈಲಿಗೆ. ಅವಳೇ ಇಟ್ಕೊಳ್ಳಲಿ. ಇಲ್ಲ ಎಲ್ಲಾದ್ರೂ ಬಿಸಾಕು.”

ಮಂಚದ ಕೆಳಗೆ ಸೀರೆ ವಾಪಸ್ಸು ಹೋಯಿತು. “ಬಿಸಾಕೋದು ಅವರಿಗೆ ಅಭ್ಯಾಸ,” ಅಂದಳು ಇಂದ್ರಾಣಿ. “ಇಟ್ಕೊಳ್ಳೋದು ನಮಗೆ ಅಭ್ಯಾಸ. ಇರಲಿ ಬಿಡು.”

ಜ್ಯೋತಿ ಕೋಣೆಗೆ ಮರಳಿದಾಗ ಕತ್ತಿನ ಚರ್ಮ ಎದೆಗೆ ಎಳೆದು ಹಿಡಿದಿತ್ತು. ತಲೆ ಎತ್ತಿ ನೋಡಬೇಕಾದರೆ ಸೊಂಟದಿಂದ ಹಿಂದಕ್ಕೆ ಬಾಗಬೇಕು. ಬಲಗೈಯ ಮೂರು ಬೆರಳು ಒಂದಕ್ಕೊಂದು ಅಂಟಿದ್ದವು. ಇನ್ನೊಂದು ಆಪರೇಷನ್ ಮಾಡಿ ಬೆರಳು ಬಿಡಿಸಬಹುದು ಅಂದಿದ್ದರು ಡಾಕ್ಟರು. ತಡವಾದರೆ ಹಾಗೇ ಉಳಿಯುತ್ತವೆ. ಅದಕ್ಕೆ ದುಡ್ಡು ಬೇಕು. ಸೌಟು ಹಿಡಿಯಲಾರದ ಕೈಗೆ ದುಡ್ಡು ಕೊಡುವವರಾರು?

ಆಗ ಬಂದ ಅಮ್ಮನ ಮಗ, ಆಶ್ರಿತ್. ಕೈಯಲ್ಲಿ ಹಣ್ಣಿನ ಕವರು. ಇಷ್ಟು ವರ್ಷ “ಏಯ್ ಜ್ಯೋತಿ” ಅನ್ನುತ್ತಿದ್ದವನ ಬಾಯಲ್ಲಿ ಅವತ್ತು ಬೇರೆ ಮಾತು ಬಂತು.

“ಹೆಂಗಿದ್ದೀರಾ ಆಂಟಿ?”

ಗೋಡೆಗೆ ಒರಗಿದ್ದ ಇಂದ್ರಾಣಿ ಕೆಮ್ಮಿದಳು. “ಜ್ಯೋತಿ, ನಿಂಗೆ ಪ್ರಮೋಷನ್ ಕಣೆ.”

ಆಶ್ರಿತ್ ಕೇಳಿಸಿಕೊಳ್ಳದವನ ಹಾಗೆ ಮಾತು ಮುಂದುವರಿಸಿದ. ಕುಕ್ಕರ್ ಕಂಪನಿಗೆ ಬರೆದಿದ್ದಾನೆ. ಕಂಪನಿಯಿಂದ ಒಬ್ಬರು ಮನೆಗೆ ಬಂದು ನೋಡುತ್ತಾರೆ. ಅಲ್ಲಿಯವರೆಗೂ ಏನನ್ನೂ ಮುಟ್ಟಬೇಡಿ ಅಂದಿದ್ದಾರೆ. ಪರಿಹಾರ ಬಂದೇ ಬರುತ್ತದೆ. “ಅದೆಲ್ಲ ನಿಮಗೇ ಆಂಟಿ. ನಮಗೊಂದು ಪೈಸೆ ಬೇಡ. ಒಂದೇ ಒಂದು ಸಣ್ಣ ವಿಷ್ಯ.”

“ಏನು?”

“ನೀವು ಒಳಗಿರಲಿಲ್ಲ ಅನ್ನಿ. ಹಿತ್ತಲಲ್ಲಿ ಪಾತ್ರೆ ತೊಳೀತಿದ್ದೆ, ಒಳಗಿಂದ ಹಾರಿ ಬಂತು ಅನ್ನಿ. ಅಮ್ಮನ ಆರ್ಡರ್ ಎಲ್ಲಾ ಮಡಿ ಮೇಲೇ ನಿಂತಿರೋದು. ನಿಮಗೆ ಗೊತ್ತಲ್ಲ.”

“ಬೇಳೆ ಏನು ಪೋಸ್ಟ್‌ಮ್ಯಾನಾ?” ಅಂದಳು ಇಂದ್ರಾಣಿ. “ಅಡ್ರೆಸ್ ಹುಡ್ಕೊಂಡು ಹಿತ್ತಲಿಗೆ ಬರೋಕೆ?”

“ನೀವು ಸುಮ್ನಿರಿ, ನಾನು ಆಂಟಿ ಹತ್ರ ಮಾತಾಡ್ತಿದ್ದೀನಿ.”

ಜ್ಯೋತಿ ತನ್ನ ಬೆರಳು ನೋಡಿಕೊಂಡಳು. ಕನಸು ಕಾಣುವ ಚಾಳಿ ಅವಳಿಗೆ ಅಜ್ಜಿಯಿಂದ ಬಂದದ್ದು. ಬೆರಳು ಬಿಡಿಸಿಕೊಂಡು, ತಲೆ ಎತ್ತಿ, ಲಾಲ್‌ಬಾಗಿನ ಗೇಟಿನ ಹತ್ತಿರ ತಾನೇ ಒಂದು ತಳ್ಳುಗಾಡಿ ಹಾಕಿದ ಹಾಗೆ ಅವಳಿಗೆ ಕಂಡಿತು. ಗಾಡಿಯ ಮೇಲೆ ಹಯಗ್ರೀವ. ತಿನ್ನುವವರ ಎದುರಿಗೇ ಮಾಡುವುದು, ಮುಖ ತೋರಿಸಿಕೊಂಡು. ಅದಕ್ಕೆ ಬೇಕಾದದ್ದು ಒಂದು ಸುಳ್ಳು. ಅದೂ ಏನು ಸುಳ್ಳು? ಇಷ್ಟು ವರ್ಷ ದಿನಾ ನಡೆಸಿಕೊಂಡು ಬಂದದ್ದು.

“ಆಯ್ತಪ್ಪ,” ಅಂದಳು.

ಇಂದ್ರಾಣಿ ಉಗುಳುವುದಕ್ಕೆ ಹೊರಗೆ ಎದ್ದು ಹೋದಳು.

ಕಂಪನಿಯವರು ಬರುವ ದಿನ ಇಂದ್ರಾಣಿ ಜ್ಯೋತಿಯ ಚೀಲಕ್ಕೆ ಆ ಸೀರೆಯ ಕವರನ್ನು ತುರುಕಿದಳು. “ಯಾಕೆ?” ಅಂದರೆ, “ಹೊರೋಕೆ ಭಾರವಾ?” ಅಂದಳು. ಜ್ಯೋತಿ ಅಭ್ಯಾಸದಂತೆ ಹಿತ್ತಲಲ್ಲಿ ಚಪ್ಪಲಿ ಬಿಟ್ಟು, ಅಡುಗೆಮನೆಯ ಹಿಂಬಾಗಿಲ ಹೊಸ್ತಿಲ ಆಚೆ ನಿಂತಳು. ಇಂದ್ರಾಣಿ ಹೊರಗೆ ಬೀದಿಯಲ್ಲಿ ಕಾಯುತ್ತಿದ್ದಳು.

ಬಂದವನು ಶಶಿಕಾಂತ್. ಇಸ್ತ್ರಿ ಮಾಡಿದ ಶರ್ಟು, ಕೈಗೆ ರಬ್ಬರ್ ಗ್ಲೌಸು. ಅಡುಗೆಮನೆಗೆ ತೆರೆದುಕೊಂಡ ಊಟದ ಮೇಜಿನ ಹತ್ತಿರ ಕೂತ ಅವನಿಗೆ ಸ್ಟೀಲ್ ಲೋಟದಲ್ಲಿ ಕಾಫಿ ಬಂತು. ಎದುರು ಮನೆಯ ಕಮಲಾದೇವಿಗೂ ಬಂತು. ಅವರನ್ನು ವೆಂಕಟಾಚಲ ಸಾಕ್ಷಿಗೆಂದು ಕರೆಸಿದ್ದರು. ಈ ಮನೆಯ ಅಡುಗೆಮನೆಗೆ ಬೇರೆಯವರು ಹೋಗುವುದಿಲ್ಲ ಅಂತ ಬ್ಲಾಕಿನ ಹಳಬರೊಬ್ಬರು ಹೇಳಿದರೆ ಭದ್ರ ಅಂತ. ಸುಳ್ಳಿಗೆ ಎಷ್ಟು ಊರುಗೋಲು ಕೊಟ್ಟರೂ ಸಾಲದು.

ಶಶಿಕಾಂತ್ ಸೊಟ್ಟಗಾದ ಮುಚ್ಚಳವನ್ನು ಪೇಪರಿನ ಮೇಲೆ ಇಟ್ಟು ಬೆರಳಾಡಿಸಿ ನೋಡಿದ. “ಹೂಂ. ಇದೇ ಮಾಲು,” ಅಂದುಕೊಂಡ. ಅಂದುಕೊಂಡದ್ದು ತುಸು ಜೋರಾಯಿತು.

“ಯಾವ ಮಾಲು?” ಅಂದ ಆಶ್ರಿತ್.

“ಏನಿಲ್ಲ ಸಾರ್. ಬೇರೆ ಕಡೆನೂ ಒಂದೆರಡು ದೂರು ಬಂದಿವೆ. ಅದು ನಮ್ಮ ಒಳಗಿನ ವಿಷ್ಯ.” ಪೆನ್ನು ತೆಗೆದ. “ಆವಾಗ ಒಲೆ ಮುಂದೆ ಯಾರಿದ್ರು?”

ಅಮ್ಮ ಯಜಮಾನರನ್ನು ನೋಡಿದರು. ಯಜಮಾನರು ಮಗನನ್ನು ನೋಡಿದರು.

“ಯಾರೂ ಇರಲಿಲ್ಲ,” ಅಂದ ಆಶ್ರಿತ್. “ಅಮ್ಮ ದೇವರಮನೆಗೆ ಹೋಗಿದ್ರು. ಜ್ಯೋತಿ ಆಂಟಿ ಹಿತ್ತಲಲ್ಲಿದ್ರು. ಅಲ್ವಾ ಆಂಟಿ?”

ಜ್ಯೋತಿ ತಲೆ ಆಡಿಸಿದಳು. ಅವಳ ಕತ್ತು ಎಷ್ಟು ಆಡುತ್ತದೋ ಅಷ್ಟು.

ಶಶಿಕಾಂತ್ ಹಿತ್ತಲ ಬಾಗಿಲು ನೋಡಿದ, ಒಲೆ ನೋಡಿದ, ಜ್ಯೋತಿಯ ಕತ್ತು ನೋಡಿದ. ದಡ್ಡನಲ್ಲ. ಅವನಿಗೆ ಸಂಬಳ ಬರುವುದು ತೂತು ಹುಡುಕುವುದಕ್ಕೆ. ಇಲ್ಲಿ ಮನೆಯವರೇ ತೂತು ಕೊರೆದು ತಟ್ಟೆಯಲ್ಲಿಟ್ಟು ಕೊಡುತ್ತಿದ್ದಾರೆ.

“ಹಿತ್ತಲಲ್ಲಿದ್ರೆ ಇಷ್ಟು ಸುಡಲ್ಲ ಸಾರ್. ಮುಂದೇನೇ ನಿಂತಿರಬೇಕು. ನೋಡಿ, ಕೊಂಡವರು ಒಪ್ಪಿ ಬಳಸೋಕೆ ಬಿಟ್ಟಿದ್ರೆ, ಬಳಸಿದೋರೂ ಗ್ರಾಹಕರೇ. ಪರಿಹಾರ ಕೇಳಬಹುದು. ಒಪ್ಪಿಗೆ ಇಲ್ಲ ಅಂದ್ರೆ ಕಂಪನಿಗೂ ಅವರಿಗೂ ಸಂಬಂಧ ಇಲ್ಲ. ಹೇಳಿ. ಈಕೆ ನಿಮ್ಮ ಅಡುಗೆ ಮಾಡೋರಾ?”

ಕಮಲಾದೇವಿ ಕಾಫಿ ಲೋಟ ಕೆಳಗಿಟ್ಟರು.

“ಛೆ ಛೆ,” ಅಂದರು ವೆಂಕಟಾಚಲ. “ನಮ್ಮನೇಲಿ ಹೊರಗಿನೋರು ಅಡುಗೆಮನೆಗೆ ಕಾಲಿಡಲ್ಲ. ಬೇಕಾದ್ರೆ ಇವರನ್ನ ಕೇಳಿ.”

“ಅದು ನಿಜ,” ಅಂದರು ಕಮಲಾದೇವಿ. “ಇಡೀ ಬ್ಲಾಕಿಗೆ ಗೊತ್ತಿರೋದೇ.”

“ಹಾಗಾದ್ರೆ ಹೇಳದೆ ಕೇಳದೆ ಒಳಗೆ ಬಂದು ಕುಕ್ಕರ್ ಮುಟ್ಟಿರಬೇಕು ಈಯಮ್ಮ,” ಅಂದ ಶಶಿಕಾಂತ್. “ನಿಮ್ಮ ಒಪ್ಪಿಗೆ ಇಲ್ಲದೆ.”

ವೆಂಕಟಾಚಲ ಕನ್ನಡಕ ತೆಗೆದು ಒರೆಸಿದರು. ಒರೆಸುವಷ್ಟು ಹೊತ್ತು ಅವರಿಗೆ ದಾರಿ ಇತ್ತು. ಒಂದು ಮಾತು ಸಾಕಿತ್ತು. ಅವರು ಕನ್ನಡಕ ಹಾಕಿಕೊಂಡರು.

“ಇರಬಹುದು. ಏನೋ ಕೈ ಹಾಕೋಕೆ ಬಂದಿರಬೇಕು. ಬೆಲ್ಲ, ದ್ರಾಕ್ಷಿ ಗೋಡಂಬಿ ಎಲ್ಲಾ ಅಲ್ಲೇ ಇರುತ್ತೆ. ಏನ್ ಮಾಡೋದು, ಬಡವರು. ನಾವು ಕಂಪ್ಲೇಂಟ್ ಕೊಡಲ್ಲ ಬಿಡಿ.”

ನೋಡಿ ದೊಡ್ಡತನ. ಸುಟ್ಟವಳ ಮೇಲೆ ಅವರು ಕಂಪ್ಲೇಂಟ್ ಕೊಡುವುದಿಲ್ಲವಂತೆ.

“ಅಪ್ಪಾ,” ಅಂದ ಆಶ್ರಿತ್. ಅಷ್ಟೇ ಅಂದ. ಶಶಿಕಾಂತ್ ಬರೆದುಕೊಂಡ. ಅಮ್ಮ ನೆಲ ನೋಡುತ್ತಿದ್ದರು. ಗೋಡಂಬಿ ಕಳ್ಳಿ ಹೊಸ್ತಿಲ ಆಚೆ ನಿಂತಿದ್ದಳು.

ಜ್ಯೋತಿಗೆ ಕತ್ತಿನಲ್ಲಿ ಬೆಂಕಿ ಹತ್ತಿದ ಹಾಗಾಯಿತು. ಮೊದಲ ಸಲಕ್ಕಿಂತ ಜೋರು. ಆ ಸಲ ಅವಳು ಕೂಗಿದ್ದಳು. ಈ ಸಲ ಕೂಗಲಿಲ್ಲ. ಹೊಸ್ತಿಲು ದಾಟಿ ಒಳಗೆ ಬಂದಳು.

“ಏಯ್,” ಅಂದರು ವೆಂಕಟಾಚಲ. “ಒಳಗೆ ಎಲ್ಲಿ ಬರ್ತಿದ್ದೀಯ?”

“ದಿನಾ ಬರೋ ಕಡೆಗೆ ಸಾರ್.”

ಅವಳು ತಲೆ ಎತ್ತಲು ಸೊಂಟದಿಂದ ಹಿಂದಕ್ಕೆ ಬಾಗಿದಳು. ಆಗ ಒಲೆಯ ಎದುರಿಗೆ, ಅಡುಗೆ ಮಾಡುವವಳ ಬೆನ್ನ ಹಿಂದೆ ಬರುವ ಗೋಡೆ ಅವಳಿಗೆ ಪೂರ್ತಿ ಕಂಡಿತು. ಆವತ್ತಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಕಂಪನಿಯವರು ಬೇಡ ಅಂದದ್ದು ಒಂದು ಕಾರಣ. ಒರೆಸುವವಳು ಆಸ್ಪತ್ರೆಯಲ್ಲಿದ್ದದ್ದು ಇನ್ನೊಂದು. ಗೋಡೆ ತುಂಬ ಬೇಳೆ ಸಿಡಿದು ಒಣಗಿ ಹಳದಿ ಹಕ್ಕಳೆ ಕಟ್ಟಿತ್ತು. ಕೆಳಗಿನಿಂದ ಮೇಲಿನವರೆಗೂ ಹಳದಿ. ನಡುವೆ ಒಂದು ಕಡೆ ಮಾತ್ರ ಗೋಡೆ ಬೆಳ್ಳಗಿತ್ತು.

ಆ ಬಿಳಿ ಜಾಗಕ್ಕೆ ತಲೆಯಿತ್ತು. ತಲೆಯ ಹಿಂದೆ ಗಂಟು ಇತ್ತು. ಭುಜ ಇತ್ತು. ಚಾಚಿದ ಬಲಗೈಯ ಮೊಣಕೈ ಇತ್ತು. ಈ ಮನೆಯವರು ಇಷ್ಟು ದಿನ ಅದರ ಮುಂದೆ ಓಡಾಡಿದ್ದರು. ಕಲೆ ನೋಡಿದ್ದರು, ಗೋಡೆ ಹಾಳಾಯಿತೆಂದು ಮರುಗಿದ್ದರು. ನಡುವೆ ನಿಂತ ಹೆಂಗಸನ್ನು ನೋಡಿರಲಿಲ್ಲ. ನೋಡಿ ಅಭ್ಯಾಸವಿಲ್ಲವಲ್ಲ.

ಜ್ಯೋತಿ ಚೀಲದಿಂದ ಕವರು ತೆಗೆದಳು. ಸೀರೆ ರೊಟ್ಟಿಯ ಹಾಗೆ ಗಟ್ಟಿಯಾಗಿತ್ತು. ಕೆಂಪು ಅಂಚು, ಮಾಸಲು ಬಿಳಿ, ಎದೆಯ ತುಂಬ ಒಣಗಿದ ಹಳದಿ ಬೇಳೆ, ಒಂದು ಪಕ್ಕ ಕತ್ತರಿಯ ಸೀಳು. ಹುಳಿ ವಾಸನೆ ಎದ್ದಿತು. ಅದನ್ನು ಎಡಗೈಯಿಂದ ಎದೆಗೆ ಹಿಡಿದು, ಗೋಡೆಗೆ ಬೆನ್ನು ಕೊಟ್ಟು, ಆ ಬಿಳಿ ಜಾಗದಲ್ಲಿ ನಿಂತಳು. ಬಲಗೈ ಒಲೆಯ ಕಡೆ ಚಾಚಿದಳು.

ತಲೆಗೆ ತಲೆ ಕೂತಿತು. ಭುಜಕ್ಕೆ ಭುಜ ಕೂತಿತು. ಗೋಡೆಯ ಮೇಲೆ ಇಲ್ಲದ ಬೇಳೆಯೆಲ್ಲ ಸೀರೆಯ ಮೇಲಿತ್ತು.

“ಯಾರಿದ್ರು ಅಂತ ಕೇಳಿದ್ರಲ್ಲ ಸಾರ್,” ಅಂದಳು ಶಶಿಕಾಂತನಿಗೆ. “ನಾನು. ದಿನಾ ನಾನೇ. ಈಗ ಬರ್ಕೊಳ್ಳಿ.”

ಶಶಿಕಾಂತನ ಪೆನ್ನು ನಿಂತಿತು. ಅಮ್ಮನ ಎತ್ತರ ನೋಡಿದ. ಗೋಡೆಯ ಭುಜದವರೆಗೂ ಬರುವುದಿಲ್ಲ ಅವರು.

ಕಮಲಾದೇವಿ ಎದ್ದು ನಿಂತಿದ್ದರು. ಅವರ ಕಣ್ಣು ಗೋಡೆಯ ಮೇಲಿರಲಿಲ್ಲ. ಸೀರೆಯ ಮೇಲಿತ್ತು. “ಸೀತಾ, ಅದು ನಿಮ್ಮ ಮಡಿಸೀರೆ ಅಲ್ವೇನ್ರೀ? ಹಾಗಾದ್ರೆ ನಮ್ಮತ್ತೆ ತಿಥಿಗೆ ಬಂದಿದ್ದು...”

“ನಾನೇ ಮಾಡಿದ್ದು ಅಕ್ಕ,” ಅಂದಳು ಜ್ಯೋತಿ. “ಹಯಗ್ರೀವ ಇನ್ನೊಂಚೂರು ಬೇಕು ಅಂತ ಡಬ್ಬಿ ಕಳಿಸಿದ್ರಲ್ಲ. ಅದೂ ನಾನೇ ತುಂಬಿದ್ದು. ನಿಮ್ಮತ್ತೆ ಏನೂ ಅನ್ಲಿಲ್ಲ ಅಲ್ವಾ?”

ಕಮಲಾದೇವಿ ಹೊಟ್ಟೆ ಹಿಡಿದುಕೊಂಡು ಕೂತರು. ಎಂದೋ ತಿಂದು ಅರಗಿಸಿಕೊಂಡದ್ದು ಈಗ ಮೇಲೆ ಬರುವ ಹಾಗಿತ್ತು.

“ಕದ್ದಿದ್ದಾಳೆ,” ಅಂದರು ವೆಂಕಟಾಚಲ. “ಸೀರೆ ಕದ್ದು ಬೇಳೆ ಬಳ್ಕೊಂಡು ಬಂದು ನಾಟಕ ಆಡ್ತಿದ್ದಾಳೆ. ನಮ್ಮ ಸೀರೆ ಅದು.”

“ಕದ್ದ ಮಾಲಾ?” ಅಂದಳು ಜ್ಯೋತಿ. “ಹಾಗಾದ್ರೆ ಇಸ್ಕೊಳ್ಳಿ.”

ಸೀರೆಯನ್ನು ಅವರ ಮುಂದೆ ಹಿಡಿದಳು.

ವೆಂಕಟಾಚಲರ ಎರಡೂ ಕೈ ಬೆನ್ನ ಹಿಂದೆ ಹೋದವು. ಅವರು ಕಳಿಸಿದ್ದಲ್ಲ, ತಾವಾಗಿಯೇ ಹೋದವು. ಜ್ಯೋತಿ ಆಶ್ರಿತನ ಕಡೆ ತಿರುಗಿದಳು. ಮೊಬೈಲು ಹಿಡಿದಿದ್ದ ಕೈಯನ್ನು ಅವನು ಎದೆಗೆ ಒತ್ತಿಕೊಂಡ. ಕಮಲಾದೇವಿ ಕುರ್ಚಿಯ ಹಿಂದೆ ಸರಿದರು. ಕೊನೆಗೆ ಅಮ್ಮ. ಜ್ಯೋತಿ ಹತ್ತಿರ ಹೋದಷ್ಟೂ ಅಮ್ಮ ಹಿಂದೆ ಹೋದರು, ಮಂಡಿ ನೋವನ್ನೂ ಮರೆತು, ದೇವರಮನೆಯ ಬಾಗಿಲು ಬೆನ್ನಿಗೆ ತಾಗುವವರೆಗೂ.

“ತಗೊಳ್ಳಿ ಅಮ್ಮ. ನಿಮ್ಮ ಸೀರೆ. ತಗೊಂಡು ಒಲೆಗೆ ಹಾಕಿದ್ರೆ ಮುಗೀತು. ನನ್ನ ಹತ್ರ ಇನ್ನೇನೂ ಇರಲ್ಲ. ಒಂದು ಕೈ ಮುಂದೆ ಮಾಡಿ, ಸಾಕು.”

ಯಾರ ಕೈಯೂ ಮುಂದೆ ಬರಲಿಲ್ಲ. ಆಸ್ಪತ್ರೆಯ ಮೈಲಿಗೆ, ಅವಳ ಮೈಯ ಮೈಲಿಗೆ, ಕೀವಿನ ಮೈಲಿಗೆ. ಅಷ್ಟು ಓದಿದ ಮಗ, ಅಷ್ಟು ಲೆಕ್ಕ ಬಲ್ಲ ಯಜಮಾನ. ಕಿತ್ತುಕೊಂಡರೆ ಗೆದ್ದರು ಅಂತ ಇಬ್ಬರಿಗೂ ಗೊತ್ತಿತ್ತು. ಮುಟ್ಟಲಾರದೆ ನಿಂತಿದ್ದರು. ಅಮ್ಮನ ತುಟಿ ಮಾತ್ರ ಆಡಿತು.

“ನಾನು ಅವತ್ತೇ ಬಿಸಾಕು ಅಂದಿದ್ನಲ್ಲೇ ಜ್ಯೋತಿ.”

ಹೇಳಿದ ಮೇಲೆ ಅಮ್ಮ ಬಾಯಿಗೆ ಸೆರಗು ಹಿಡಿದರು. ತಡವಾಗಿತ್ತು. ಕದ್ದದ್ದನ್ನು ಬಿಸಾಕು ಅಂತ ಯಾರೂ ಕಳ್ಳಿಗೆ ಹೇಳುವುದಿಲ್ಲ. ಅಷ್ಟು ತಿಳಿಯುವುದಕ್ಕೆ ಶಶಿಕಾಂತನಿಗೆ ಗ್ಲೌಸು ಬೇಕಿರಲಿಲ್ಲ.

“ಮೇಡಂ,” ಅಂದ. “ಸೀರೆ ನೀವೇ ಕೊಟ್ಟಿದ್ದಾ?”

ಅಮ್ಮ ದೇವರಮನೆಯ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿಕೊಂಡರು.

“ನೀವು ಹೇಳಿದ್ರಿ, ಆ ಸೀರೆ ಉಟ್ರೆ ನಾನು ನಿಮ್ಮ ಕೈ ಅಂತ,” ಅಂದಳು ಜ್ಯೋತಿ. ಬೆರಳು ಅಂಟಿದ ಬಲಗೈಯನ್ನು ಅಮ್ಮನ ಮುಖದ ಮುಂದೆ ಹಿಡಿದಳು. “ನಿಮ್ಮ ಕೈ ಸುಟ್ಟಿದೆ ಅಮ್ಮ. ನೋಡ್ಕೊಳ್ಳಿ.”

ಅಮ್ಮ ಕಣ್ಣು ತೆರೆಯಲಿಲ್ಲ.

ಶಶಿಕಾಂತ್ ಗೋಡೆಯ ಫೋಟೋ ತೆಗೆದ. ಅವನ ಮುಖ ಸಪ್ಪಗಿತ್ತು. ಸುಲಭವಾಗಿ ಮುಗಿಯಬೇಕಿದ್ದ ಕೆಲಸ. “ನೋಡಮ್ಮ,” ಅಂದ, ತಗ್ಗಿದ ದನಿಯಲ್ಲಿ. “ಇದನ್ನೆಲ್ಲ ಯಾಕೆ ಎಳೀತೀಯ? ಏನಾದ್ರೂ ಒಂದಿಷ್ಟು ಮಾತಾಡಿ ಮುಗಿಸೋಣ. ಗ್ರಾಹಕರ ಆಯೋಗ ಗೀಯೋಗ ಅಂತ ಅಲೆದ್ರೆ ವರ್ಷ ಹಿಡಿಯುತ್ತೆ.”

“ನಂಗೂ ಒಂದು ಫೋಟೋ ಕಳಿಸಿ ಸಾರ್. ಎದುರಿಗೇ ಕಳಿಸಿ.”

“ಕಂಪನಿ ರೂಲ್ಸ್ ಪ್ರಕಾರ...”

ಜ್ಯೋತಿ ಅವನಿಗೆ ಕಾಯಲಿಲ್ಲ. ಎಡಗೈಯಲ್ಲಿ ತನ್ನ ಹಳೆಯ ಫೋನು ತೆಗೆದು, ಗೋಡೆಯ ಫೋಟೋ ತಾನೇ ಹೊಡೆದುಕೊಂಡಳು. ಮೊದಲನೆಯದು ಅಲುಗಾಡಿತು. ಎರಡನೆಯದು ಸರಿಯಾಗಿ ಬಂತು.

“ಆಂಟಿ,” ಅಂದ ಆಶ್ರಿತ್. “ಕೂತು ಮಾತಾಡೋಣ ಆಂಟಿ.”

“ಎಲ್ಲಿ ಕೂರಲಿ? ತೋರಿಸು.”

ಅವನು ಸುತ್ತ ನೋಡಿದ. ನಾಲ್ಕು ಕುರ್ಚಿ ಇದ್ದವು. ಅಷ್ಟು ವರ್ಷಗಳಲ್ಲಿ ಅವಳು ಯಾವುದರಲ್ಲೂ ಕೂತಿರಲಿಲ್ಲ. ಅವನ ಕೈ ಒಂದು ಕುರ್ಚಿಯ ಕಡೆ ಅರ್ಧ ಹೋಗಿ, ಅಪ್ಪನ ಮುಖ ನೋಡಿ ನಿಂತಿತು.

ಜ್ಯೋತಿ ಸೀರೆಯನ್ನು ಮಡಚಿ ಕವರಿಗೆ ಹಾಕಿದಳು. ಬೇಳೆಯ ಹಕ್ಕಳೆ ಉದುರಿ ನೆಲದ ಮೇಲೆ ಬಿತ್ತು. ಬಾಗಿ ಗೋರಿಕೊಳ್ಳಲು ಅವಳ ಎಡಗೈ ತಾನೇ ಕೆಳಗೆ ಹೋಯಿತು, ಅಷ್ಟು ವರ್ಷದ ಚಾಳಿ. ಅರ್ಧ ಬಾಗಿದವಳು ನೆಟ್ಟಗಾದಳು. ಬಿದ್ದದ್ದು ಬಿದ್ದಲ್ಲೇ ಇತ್ತು. ಅದನ್ನು ತುಳಿದುಕೊಂಡು, ಹಜಾರ ದಾಟಿ, ಮುಂಬಾಗಿಲಿನಿಂದ ಹೊರಗೆ ಹೋದಳು.

ಗೇಟಿನ ಆಚೆ ಇಂದ್ರಾಣಿ ನಿಂತಿದ್ದಳು. ಜ್ಯೋತಿಯ ಬರಿಗಾಲು ನೋಡಿದಳು. “ಚಪ್ಪಲಿ?”

“ಹಿತ್ತಲಲ್ಲಿದೆ.”

“ಥೂ, ಅದನ್ನ ಯಾಕೆ ಅವರಿಗೆ ಬಿಡ್ತೀಯ,” ಅಂತ ಇಂದ್ರಾಣಿ ಪಕ್ಕದ ಓಣಿಯಲ್ಲಿ ನುಗ್ಗಿ ಹೋಗಿ ಚಪ್ಪಲಿ ತಂದು ಕಾಲ ಮುಂದೆ ಹಾಕಿದಳು. “ಅಲ್ಲಿ ಯಾರೋ ವಾಂತಿ ಮಾಡ್ಕೊಳ್ತಿದ್ದಾರೆ ಕಣೆ.”

“ಎದುರು ಮನೆಯೋರು. ಅವರತ್ತೆ ತಿಥಿಯ ಹಯಗ್ರೀವ.”

ಇಂದ್ರಾಣಿ ನಗುತ್ತ ಅವಳ ಚೀಲಕ್ಕೆ ಕೈ ಹಾಕಿ, ಕವರು ಇದೆಯೇ ಅಂತ ಮುಟ್ಟಿ ನೋಡಿದಳು. ಮುಟ್ಟುವುದು ಅಷ್ಟು ಸುಲಭ. “ಈಗ ಎಲ್ಲಿಗೆ?”

“ಗ್ರಾಹಕರ ಆಯೋಗ ಅಂತ ಇದೆಯಲ್ಲ, ಅಲ್ಲಿಗೆ. ಹೆಂಗೆ ಹೋಗ್ತಾರೆ?”

“ಬಸ್ಸಿದೆ. ಅಲ್ಲಿ ಹೋದ ತಕ್ಷಣ ಯಾರೂ ದುಡ್ಡು ಎಣಿಸಿ ಕೊಡಲ್ಲ ಮತ್ತೆ. ನೂರು ಸಲ ಕೇಳ್ತಾರೆ. ಕುಕ್ಕರ್ ಯಾರದು, ಮನೆ ಯಾರದು, ನೀನ್ಯಾರು.”

“ಕೇಳ್ಲಿ.”

ಇಬ್ಬರೂ ಅಶೋಕ ಪಿಲ್ಲರಿನ ಕಡೆ ನಡೆದರು. ಬಿಸಿಲು ಕತ್ತಿನ ಗಾಯಕ್ಕೆ ಬಿತ್ತು. ಜ್ಯೋತಿ ಸೆರಗು ಎಳೆದು ಮುಚ್ಚಿಕೊಳ್ಳಲಿಲ್ಲ. ಎದುರಿಗೆ ಬಂದವರು ಗಾಯ ನೋಡಿ ಕಣ್ಣು ಆಚೆ ತಿರುಗಿಸಿದರು. ತಿರುಗಿಸಲಿ, ಅಂದುಕೊಂಡಳು. ತಿರುಗಿಸಬೇಕಾದರೆ ಮೊದಲು ನೋಡಿರಬೇಕು.

“ನಮ್ಮಜ್ಜಿ ಒಂದು ಕತೆ ಅರ್ಧಕ್ಕೇ ಬಿಟ್ಟಿದ್ಳು ಕಣೆ,” ಅಂದಳು ನಡೆಯುತ್ತ. “ಕಾಣದ ಹೆಂಗಸೊಬ್ಬಳು ಅರಮನೇಲಿ ಕೈ ಸುಟ್ಕೊಂಡು ಕೂಗ್ತಾಳೆ. ಯಾರು ಕೂಗಿದ್ದು ಅಂತ ಎಲ್ಲಾ ಹುಡುಕ್ತಾರೆ.”

“ಆಮೇಲೆ?”

ಬಸ್ಸು ಬರುವುದು ಕಂಡಿತು. ಜ್ಯೋತಿ ಕೈ ಅಡ್ಡ ಹಿಡಿದಳು, ಅಂಟಿದ ಬೆರಳಿನ ಬಲಗೈಯನ್ನೇ.

“ಆಮೇಲೇನು. ಅವಳೇ ಹೇಳ್ತಾಳೆ, ನಾನು ಅಂತ.”